ತಮ್ಮ ಕುಡಿದು ಬೈಕ್ ಓಡಿಸಿ ಸಿಕ್ಕಿಬಿದ್ದಿದ್ದಾನೆ, ಸೆಕ್ಷನ್ 185 ಅಂತೆ. ಮುಂದೇನು? ತಿಳಿದವರು ದಯವಿಟ್ಟು ಹೇಳಿ

ತುಮಕೂರಕ್ಕ · ಸೋಮವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಇಲ್ಲಿ ಮೊದಲ ಸಲ ಬರೀತಿದ್ದೀನಿ, ತಪ್ಪಿದ್ದರೆ ಕ್ಷಮಿಸಿ.

ನನ್ನ ತಮ್ಮನಿಗೆ 26 ವರ್ಷ, ಬೆಂಗಳೂರಲ್ಲಿ ಕೆಲಸ. ಮೊನ್ನೆ ಶನಿವಾರ ಸ್ನೇಹಿತನ ನಿಶ್ಚಿತಾರ್ಥ ಮುಗಿಸಿಕೊಂಡು ರಾತ್ರಿ ಹನ್ನೊಂದೂವರೆಗೆ ಬೈಕಲ್ಲಿ ರೂಮಿಗೆ ಹೋಗ್ತಿದ್ದಾಗ ಪೊಲೀಸರು ನಿಲ್ಲಿಸಿ ಊದಿಸಿದ್ದಾರೆ. ಮಿಷನ್‌ನಲ್ಲಿ 94 ಬಂತಂತೆ. ಬೈಕು ಸ್ಟೇಷನ್‌ನಲ್ಲೇ ಇದೆ, ಡಿಎಲ್ಲೂ ತಗೊಂಡಿದ್ದಾರೆ. ಕೈಗೆ ಒಂದು ಚೀಟಿ, ಜೊತೆಗೆ ಕೋರ್ಟಿಗೆ ಬರಬೇಕು ಅಂತ ನೋಟಿಸ್ ಕೊಟ್ಟಿದ್ದಾರೆ.

ಭಾನುವಾರ ಊರಿಗೆ ಬಂದವನು ಅಮ್ಮನ ಮುಂದೆ ಬಾಯಿ ಬಿಡಲಿಲ್ಲ. ಹಿತ್ತಲಲ್ಲಿ ಬಟ್ಟೆ ಒಗೀತಿದ್ದೆ, ಅಲ್ಲಿಗೆ ಬಂದು ಪರ್ಸಿನಿಂದ ಆ ಚೀಟಿ ತೆಗೆದು ಕೊಟ್ಟ. ನಾಲ್ಕು ಮಡಿಕೆ ಮಾಡಿ ಇಟ್ಟಿದ್ದ. ಬಸ್ ಟಿಕೆಟ್ಟಿನ ಥರದ ಕಾಗದ, ನನ್ನ ಒದ್ದೆ ಬೆರಳು ತಾಗಿದ ಕಡೆ ಅಕ್ಷರ ಮಸುಕಾಯ್ತು. 94 ಅನ್ನೋದು ಮಾತ್ರ ಚೆನ್ನಾಗಿ ಕಾಣ್ತಿತ್ತು. ಸಂಜೆ ಅಮ್ಮನಿಗೂ ಗೊತ್ತಾಯ್ತು. ನಿನ್ನೆಯಿಂದ ಸರಿಯಾಗಿ ಊಟ ಮಾಡಿಲ್ಲ.

ಇದು ಕ್ರಿಮಿನಲ್ ಕೇಸಾ? ಜೈಲಿಗೆ ಹಾಕ್ತಾರಾ? ಕೆಲಸ ಹೋಗುತ್ತಾ? ಕುಡಿದಿದ್ದು ಎರಡೇ ಬಿಯರ್, ಕೆಮ್ಮಿಗೆ ಸಿರಪ್ ತಗೊಂಡಿದ್ದೆ, ಅದಕ್ಕೇ ಜಾಸ್ತಿ ತೋರಿಸಿದೆ ಅಂತಾನೆ. ಇವತ್ತು ಮಧ್ಯಾಹ್ನ ಯಾರೋ ಫೋನ್ ಮಾಡಿ, "6 ಸಾವಿರ ಕೊಡಿ, ಕೋರ್ಟಿಗೆ ಬರೋದೇ ಬೇಡ, ನಾನು ಮುಗಿಸಿಕೊಡ್ತೀನಿ" ಅಂದರಂತೆ. ಕೊಡೋದಾ ಬೇಡ್ವಾ? ಅಪ್ಪ ಇಲ್ಲ. ಕೇಳೋಕೆ ಬೇರೆ ಯಾರೂ ಇಲ್ಲ.

ವಕೀಲೆ_ಶಿವಮೊಗ್ಗ · ಸೋಮವಾರ, ರಾತ್ರಿ 10:25

ತಂಗಿ, ಮೊದಲು ಅಮ್ಮನಿಗೆ ಊಟ ಮಾಡಿಸಿ. ನಿಮ್ಮ ತಮ್ಮನಿಂದ ಯಾರಿಗೂ ಏಟಾಗಿಲ್ಲ. ಆ ಒಂದು ಮಾತೇ ಕೇಸಿನ ಅರ್ಧ ಭಾರ ಇಳಿಸುತ್ತೆ.

ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 185 ಹೇಳೋದಿಷ್ಟು: 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಇಟ್ಟುಕೊಂಡು ವಾಹನ ಓಡಿಸಿದರೂ, ಓಡಿಸೋಕೆ ಹೊರಟರೂ ಅಪರಾಧ. ಗಾಂಜಾದಂಥ ಅಮಲಿನಲ್ಲಿ ಗಾಡಿ ಹಿಡಿತಕ್ಕೆ ಸಿಗದ ಸ್ಥಿತಿಯಲ್ಲಿದ್ದರೂ ಇದೇ ಸೆಕ್ಷನ್. 94 ಅಂದರೆ ಮಿತಿಯ ಮೂರು ಪಟ್ಟು ದಾಟಿದೆ. ಮೊದಲ ಸಲಕ್ಕೆ 6 ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಮತ್ತೆ ಸಿಕ್ಕಿದರೆ 2 ವರ್ಷದವರೆಗೆ ಜೈಲು, ಇಲ್ಲವೇ 15,000, ಇಲ್ಲವೇ ಎರಡೂ.

2019ರ ಸೆಪ್ಟೆಂಬರ್ 1ಕ್ಕೆ ಮುಂಚೆ ಮೊದಲ ಸಲದ ದಂಡ "2,000ದವರೆಗೆ" ಅಂತಿತ್ತು. ನ್ಯಾಯಾಧೀಶರು ಐನೂರಕ್ಕೂ ಇಳಿಸಬಹುದಿತ್ತು. ತಿದ್ದುಪಡಿ ಆದ ಮೇಲೆ ಆ "ವರೆಗೆ" ಅನ್ನೋ ಪದವೇ ಹೋಯ್ತು. ಇನ್ನೊಂದು ಬದಲಾವಣೆ ಹೆಚ್ಚು ಜನರಿಗೆ ಗೊತ್ತಿಲ್ಲ. ಮೊದಲು 3 ವರ್ಷದೊಳಗೆ ಮತ್ತೆ ಸಿಕ್ಕಿಬಿದ್ದರೆ ಮಾತ್ರ ಎರಡನೇ ಅಪರಾಧ ಅಂತ ಲೆಕ್ಕ ಹಾಕ್ತಿದ್ದರು. ಆ ಗಡುವನ್ನು ತೆಗೆದುಹಾಕಿದ್ದಾರೆ. ನಿಮ್ಮ ತಮ್ಮ ಇನ್ನು ಹತ್ತು ವರ್ಷ ಆದಮೇಲೆ ಸಿಕ್ಕಿದರೂ ಅದು ಎರಡನೆಯದೇ.

ಹೌದು, ಇದು ಕ್ರಿಮಿನಲ್ ಕೇಸೇ. ಆದರೆ ಜಾಮೀನು ಸಿಗುವ ಅಪರಾಧ. ಯಾರಿಗೂ ಅಪಾಯವಾಗದ ಮೊದಲ ಕೇಸಲ್ಲಿ ಸಾಮಾನ್ಯವಾಗಿ ದಂಡದಲ್ಲಿ ಮುಗಿಯುತ್ತೆ. ಕೆಲವು ಸಲ ಕೋರ್ಟು ಏಳುವವರೆಗೆ ಅಲ್ಲೇ ಕೂತಿರುವ ಶಿಕ್ಷೆಯನ್ನೂ ಸೇರಿಸ್ತಾರೆ.

ಆ 6 ಸಾವಿರದವನಿಗೆ ಒಂದು ರೂಪಾಯಿಯೂ ಕೊಡಬೇಡಿ. ಸಿಗ್ನಲ್ ಜಂಪ್, ಹೆಲ್ಮೆಟ್ ಇಲ್ಲ ಅನ್ನೋ ಥರದ್ದನ್ನು ಪೊಲೀಸರ ಹತ್ತಿರ ದಂಡ ಕಟ್ಟಿ ಮುಗಿಸಬಹುದು. ಹಾಗೆ ಮುಗಿಸಬಹುದಾದ ಅಪರಾಧಗಳ ಪಟ್ಟಿ ಸೆಕ್ಷನ್ 200ರಲ್ಲಿದೆ, ಅದರಲ್ಲಿ 185 ಇಲ್ಲ. ಇದನ್ನು ಮುಗಿಸುವ ಅಧಿಕಾರ ಇರೋದು ನ್ಯಾಯಾಧೀಶರಿಗೆ ಮಾತ್ರ. ದುಡ್ಡು ಕೊಟ್ಟು ಮನೇಲಿ ಕೂತರೆ ಹಾಜರಾಗಲಿಲ್ಲ ಅಂತ ವಾರಂಟ್ ಬರುತ್ತೆ. ಆಮೇಲೆ ಆ ಫೋನ್ ನಂಬರ್ ಸ್ವಿಚ್ ಆಫ್. ಇಂಥವರನ್ನು ವಾರಕ್ಕೊಬ್ಬರನ್ನಾದರೂ ನೋಡ್ತೀನಿ, ಹೊಟ್ಟೆ ಉರಿಯುತ್ತೆ.

ಚೀಟಿಯನ್ನು ಈಗಲೇ ಜೆರಾಕ್ಸ್ ಮಾಡಿಸಿ, ಆ ಕಾಗದದ ಅಕ್ಷರ ತಿಂಗಳೊಪ್ಪತ್ತಲ್ಲಿ ಅಳಿಸಿಹೋಗುತ್ತೆ. ದಿನಾಂಕ, ವೇಳೆ, ಉಪಕರಣದ ಸಂಖ್ಯೆ ಸರಿಯಿದೆಯಾ ನೋಡಿ.

ಕನ್ನಡಿಗ_ಪೀಣ್ಯ · ಸೋಮವಾರ, ರಾತ್ರಿ 10:50

ಮೇಡಂ, 2023ರ ಫೆಬ್ರವರಿಯಲ್ಲಿ ದಂಡ ಅರ್ಧಕ್ಕೆ ಇಳಿಸಿದಾಗ ನಾನೂ ಬಾಕಿ ಎಲ್ಲ ಕಟ್ಟಿದ್ದೆ. ಅಂಥ ರಿಯಾಯಿತಿ ಬರೋವರೆಗೂ ಇವರು ಕಾಯಬಾರದಾ?

ವಕೀಲೆ_ಶಿವಮೊಗ್ಗ · ಸೋಮವಾರ, ರಾತ್ರಿ 11:05

ಅದು ಇ-ಚಲನ್ ಬಾಕಿಗೆ ಕೊಟ್ಟ ರಿಯಾಯಿತಿ. 185 ಚಲನ್ ಅಲ್ಲ, ನ್ಯಾಯಾಲಯದ ಮುಂದಿರುವ ಮೊಕದ್ದಮೆ. 2019ರಲ್ಲಿ ಜನ ಗಲಾಟೆ ಮಾಡಿದಾಗ ನಮ್ಮ ಸರ್ಕಾರ ಎಷ್ಟೋ ದಂಡಗಳನ್ನು ಇಳಿಸ್ತು, ಇದು ಮಾತ್ರ 10,000ದಲ್ಲೇ ನಿಂತಿತು. ಕಾಯಬೇಡಿ.

ಹಳೇ_ಖಾಕಿ · ಮಂಗಳವಾರ, ಬೆಳಿಗ್ಗೆ 6:15

ನಾನು ನಿವೃತ್ತ ಎಎಸ್‌ಐ. ಟ್ರಾಫಿಕ್‌ನಲ್ಲೇ ಹನ್ನೊಂದು ವರ್ಷ ಮಾಡಿದ್ದೀನಿ. ರಸ್ತೆಯಲ್ಲಿ ಏನು ನಡೀಬೇಕು ಅಂತ ಜನಕ್ಕೆ ಗೊತ್ತಿದ್ದರೆ ಅರ್ಧ ಜಗಳ ತಪ್ಪುತ್ತೆ, ಅದಕ್ಕೆ ಬರೀತಿದ್ದೀನಿ.

ಸಮವಸ್ತ್ರದಲ್ಲಿರುವ ಪೊಲೀಸರು ಅನುಮಾನ ಬಂದರೆ ಊದು ಅಂತ ಕೇಳಬಹುದು. ಅದು ಸೆಕ್ಷನ್ 203. ಪ್ರತಿಯೊಬ್ಬರಿಗೂ ಹೊಸ ನಳಿಕೆ ಹಾಕಬೇಕು, ಪ್ಯಾಕೆಟ್ಟನ್ನು ಎದುರಲ್ಲೇ ಒಡೀಬೇಕು. ಹಾಗೆ ಮಾಡದಿದ್ದರೆ ಕೇಳಿ, ಕೇಳೋದು ತಪ್ಪಲ್ಲ. ಒಂದೇ ಉಸಿರಲ್ಲಿ ಬೀಪ್ ನಿಲ್ಲುವವರೆಗೂ ಊದಬೇಕು. ಕೆಲವರು ಕೆನ್ನೆ ಉಬ್ಬಿಸಿ ಬಾಯಿಗಾಳಿ ಬಿಡ್ತಾರೆ, ಇನ್ನು ಕೆಲವರು ಊದುವ ಬದಲು ಎಳ್ಕೊಳ್ತಾರೆ. ಎದೆಯಾಳದ ಗಾಳಿ ಬರದಿದ್ದರೆ ಮಿಷನ್ ಒಪ್ಪಲ್ಲ, ಮತ್ತೆ ಊದಬೇಕಾಗುತ್ತೆ.

ಊದಲ್ಲ ಅಂತ ಹಟ ಹಿಡಿದರೆ ಬಚಾವಾಗ್ತೀವಿ ಅಂತ ಬಹಳ ಜನ ನಂಬಿದ್ದಾರೆ. ಕುಡಿದಿದ್ದಾನೆ ಅನ್ನೋದಕ್ಕೆ ತಕ್ಕ ಕಾರಣ ಇದ್ದು, ಊದೋಕೂ ಒಪ್ಪದಿದ್ದರೆ ವಾರಂಟ್ ಇಲ್ಲದೆ ಬಂಧಿಸಬಹುದು. ಸ್ಟೇಷನ್‌ಗೆ ಕರ್ಕೊಂಡು ಹೋಗಿ ವೈದ್ಯರಿಂದ ರಕ್ತದ ಮಾದರಿ ತೆಗೆಸಬಹುದು, ಅದು ಸೆಕ್ಷನ್ 204. ಅದಕ್ಕೂ ಒಪ್ಪದಿದ್ದರೆ ಆ ನಿರಾಕರಣೆಯನ್ನೇ ಕೋರ್ಟು ಅವನ ವಿರುದ್ಧ ಲೆಕ್ಕಕ್ಕೆ ತಗೋಬಹುದು, 205. ಹೆಣ್ಣುಮಕ್ಕಳ ರಕ್ತ ತೆಗೆಯುವಾಗ ವೈದ್ಯೆ ಇರಬೇಕು, ಇಲ್ಲದಿದ್ದರೆ ಇನ್ನೊಬ್ಬ ಮಹಿಳೆಯ ಎದುರಲ್ಲೇ ತೆಗೀಬೇಕು.

ಪೊಲೀಸರ ಮೇಲೂ ಕಟ್ಟುಪಾಡು ಇದೆ. 185ರಲ್ಲಿ ಬಂಧಿಸಿದರೆ ಎರಡು ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆ ಆಗಲೇಬೇಕು, ಆಗದಿದ್ದರೆ ಬಿಟ್ಟುಕಳಿಸಬೇಕು. ಇದು ಸೆಕ್ಷನ್ 202ರಲ್ಲೇ ಬರೆದಿದೆ.

ಒಂದು ಬೇಡಿಕೊಳ್ಳೋದಿದೆ. ಊದುವಾಗ ಸಿಟ್ಟು ಮಾಡ್ಕೋಬೇಡಿ. 10,000 ದಂಡದಲ್ಲಿ ಹೋಗೋ ಕೇಸಿಗೆ ಕಾನ್‌ಸ್ಟೇಬಲ್‌ನ ಕಾಲರ್ ಹಿಡಿದು ಇನ್ನೊಂದು ಕೇಸು ಹಚ್ಚಿಕೊಂಡ ಎಷ್ಟೋ ಹುಡುಗರನ್ನು ನೋಡಿದ್ದೀನಿ. ಸರ್ಕಾರಿ ನೌಕರನ ಕರ್ತವ್ಯಕ್ಕೆ ಅಡ್ಡಿ ಅಂದರೆ ಐಪಿಸಿ ಜಾಗಕ್ಕೆ ಬಂದಿರೋ ಭಾರತೀಯ ನ್ಯಾಯ ಸಂಹಿತೆಯ 221, ಕೈ ಮಾಡಿದರೆ 132. 132ಕ್ಕೆ 2 ವರ್ಷದವರೆಗೆ ಜೈಲು. ಬೆಳಿಗ್ಗೆ ಅವರ ಅಪ್ಪ ಅಮ್ಮ ಸ್ಟೇಷನ್ ಮುಂದಿನ ಕಟ್ಟೆ ಮೇಲೆ ಕೂತಿರ್ತಿದ್ದರು. ಅವರಿಗೆ ಟೀ ಕೊಡಿಸೋದು ಬಿಟ್ಟು ನನ್ನ ಕೈಲಿ ಬೇರೇನೂ ಆಗ್ತಿರಲಿಲ್ಲ.

ಪ್ರಯೋಗಾಲಯದವ · ಮಂಗಳವಾರ, ಬೆಳಿಗ್ಗೆ 8:30

ಸಿರಪ್ ವಿಚಾರ ನಾನು ಹೇಳ್ತೀನಿ, ಕೆಲಸ ಇದೇ ಕ್ಷೇತ್ರದಲ್ಲಿ. ಸಿರಪ್, ಮೌತ್‌ವಾಶ್, ಕೆಲವು ಹೋಮಿಯೋಪತಿ ಹನಿಗಳಲ್ಲಿ ಆಲ್ಕೋಹಾಲ್ ಇರುತ್ತೆ, ನಿಜ. ಅದು ಬಾಯಲ್ಲಿ ಉಳಿದು ಮಿಷನ್ನಿಗೆ ಜಾಸ್ತಿ ತೋರಿಸೋದೂ ನಿಜ. ಆದರೆ ಅದೆಲ್ಲ ಸುಮಾರು 15 ನಿಮಿಷದ ಆಟ. ಅಷ್ಟು ಹೊತ್ತು ಬಿಟ್ಟು ಮತ್ತೆ ಊದಿದರೆ ಅಳಿಸಿಹೋಗಿರುತ್ತೆ. ನಿಜವಾಗಿಯೂ ಸಿರಪ್ ಮಾತ್ರ ಕುಡಿದವರು ಅಲ್ಲೇ "ಕಾಲು ಗಂಟೆ ಬಿಟ್ಟು ಇನ್ನೊಮ್ಮೆ ಪರೀಕ್ಷೆ ಮಾಡಿ, ಇಲ್ಲದಿದ್ದರೆ ರಕ್ತ ಪರೀಕ್ಷೆ ಮಾಡಿಸಿ" ಅಂತ ಕೇಳಬೇಕು.

"ಎರಡೇ ಬಿಯರ್" ಅನ್ನೋದರ ಲೆಕ್ಕ ನೋಡಿ. ಸ್ಟ್ರಾಂಗ್ ಬಿಯರ್‌ನ 650 ಮಿ.ಲೀ. ಬಾಟಲಿ, 8 ಪರ್ಸೆಂಟ್ ಅಂತ ಇಟ್ಟುಕೊಳ್ಳೋಣ. ಅದರಲ್ಲಿ ಸುಮಾರು 41 ಗ್ರಾಂ ಶುದ್ಧ ಆಲ್ಕೋಹಾಲ್. 70 ಕೆ.ಜಿ. ತೂಕದ ಗಂಡಸಿನ ರಕ್ತದಲ್ಲಿ ಅದೊಂದೇ ಬಾಟಲಿ ಅಂದಾಜು 80ರ ಮೇಲಕ್ಕೆ ಒಯ್ಯುತ್ತೆ. ಎರಡು ಬಾಟಲಿಗೆ 170ರ ಹತ್ತಿರ. ನಾಲ್ಕೈದು ಗಂಟೆ ಕಳೆದರೆ 94 ಸರಿಯಾಗಿಯೇ ಬರುತ್ತೆ. ಅಕ್ಕ, ನಿಮ್ಮ ತಮ್ಮ ಎರಡೇ ಬಿಯರ್ ಅಂದಿದ್ದು ಸುಳ್ಳಿರಲಾರದು. ಮಿಷನ್ ಕೂಡ ಸುಳ್ಳು ಹೇಳಿಲ್ಲ.

ಲಾರಿ_ಹುಬ್ಬಳ್ಳಿ · ಮಂಗಳವಾರ, ಮಧ್ಯಾಹ್ನ 1:10

ಸರ್, ನಾ ಹುಬ್ಬಳ್ಳಿ ಕಡಿಯಾಂವ, ಇಪ್ಪತ್ತು ವರ್ಷ ಆತು ಲಾರಿ ಹೊಡಿಯಾಕತ್ತು. ಗಾಡಿ ಮ್ಯಾಲಿದ್ದಾಗ ಎಂದೂ ಕುಡ್ದಿಲ್ಲ. ಲೋಡ್ ಇಳಿಸಿದ ದಿನ ರಾತ್ರಿ ಮಾತ್ರ ಒಂದು ಕ್ವಾರ್ಟರ್, ಒಮ್ಮೊಮ್ಮೆ ಮ್ಯಾಲೊಂದು ನೈಂಟಿ. ಹನ್ನೊಂದಕ್ಕ ಮುಗಿಸಿ, ಊಟ ಮಾಡಿ ಮಲಗಿ, ಮುಂಜಾನೆ ಆರಕ್ಕ ಜಳಕಾ ಮಾಡಿ, ಚಾ ಕುಡ್ದು ಗಾಡಿ ಎತ್ತೀನಿ. ತಲಿ ಪೂರಾ ಹಗುರಿರತೈತಿ. ನಮ್ಮ ದೋಸ್ತಾ ಒಬ್ಬಾಂವ ಹಿಂಗ ಮುಂಜಾನೆನ ಸಿಕ್ಕ. "ರಾತ್ರಿ ಕುಡ್ದಿದ್ದು, ಈಗಲ್ಲ" ಅಂದ್ರೂ ಕೇಳಲಿಲ್ಲಂತ. ಇದು ನ್ಯಾಯ ಏನ್ರಿ?

ಪ್ರಯೋಗಾಲಯದವ · ಮಂಗಳವಾರ, ಮಧ್ಯಾಹ್ನ 2:00

ಅಣ್ಣಾರ, ನೀವು ಇದನ್ನ ಕೇಳಿದ್ದು ಬಹಳ ಒಳ್ಳೇದಾಯ್ತು.

ಕ್ವಾರ್ಟರ್ ಅಂದರೆ 180 ಮಿ.ಲೀ., ಮೇಲೆ ನೈಂಟಿ, ಒಟ್ಟು 270. ನಮ್ಮಲ್ಲಿ ಸಿಗೋ ವಿಸ್ಕಿ, ರಮ್ಮಿಗೆ 42.8 ಪರ್ಸೆಂಟ್. 70 ಕೆ.ಜಿ. ಆಳಿಗೆ ಅದು 190ರವರೆಗೆ ಏರಿಸುತ್ತೆ. ದೇಹ ಅದನ್ನು ಗಂಟೆಗೆ ಸುಮಾರು 15ರ ಲೆಕ್ಕದಲ್ಲಿ ಇಳಿಸುತ್ತೆ. ಹನ್ನೊಂದರಿಂದ ಆರಕ್ಕೆ ಏಳು ಗಂಟೆ, ಏಳು ಹದಿನೈದಲೇ 105. 190ರಲ್ಲಿ 105 ಕಳೆದರೆ 85. ಬೆಳಿಗ್ಗೆ ಆರಕ್ಕೆ ಸ್ಟೇರಿಂಗ್ ಹಿಡಿದಾಗ ನಿಮ್ಮ ರಕ್ತದಲ್ಲಿ 85 ಇರುತ್ತೆ, ಮಿತಿ 30. ಅದು 30ಕ್ಕಿಳಿಯೋಕೆ ಕುಡಿದು ಮುಗಿಸಿದ ಮೇಲೆ ಹತ್ತು ತಾಸು ದಾಟಬೇಕು. ಒಬ್ಬೊಬ್ಬರ ಮೈಗೆ ಒಂದೊಂದು ಥರ, ಹಸಿದ ಹೊಟ್ಟೆಯಲ್ಲಿ ಬೇಗ ಏರುತ್ತೆ, ಅದೇ ತೂಕದ ಹೆಂಗಸರಲ್ಲಿ ಸಾಮಾನ್ಯವಾಗಿ ಇನ್ನೂ ಹೆಚ್ಚು ಏರುತ್ತೆ. ಆದರೆ ಚಹಾ, ತಣ್ಣೀರ ಸ್ನಾನ, ಮಜ್ಜಿಗೆ, ನಿಂಬೆಹಣ್ಣು ಯಾವುದೂ ಯಕೃತ್ತಿನ ಕೆಲಸವನ್ನು ಬೇಗ ಮುಗಿಸಲ್ಲ. ತಲೆ ಹಗುರ ಆಗೋದೇ ಬೇರೆ, ರಕ್ತ ತಿಳಿಯಾಗೋದೇ ಬೇರೆ.

ಬೆಂಗಳೂರಲ್ಲಿ ಶಾಲಾ ವಾಹನಗಳ ಚಾಲಕರನ್ನು ಬೆಳಿಗ್ಗೆ ಹೊತ್ತಲ್ಲೇ ಊದಿಸೋದು ಇದಕ್ಕೇ. ಸಿಕ್ಕಿಬಿದ್ದವರೂ ಇದ್ದಾರೆ.

ಲಾರಿ_ಹುಬ್ಬಳ್ಳಿ · ಮಂಗಳವಾರ, ಮಧ್ಯಾಹ್ನ 2:20

ಇಷ್ಟ ವರ್ಷ ಗೊತ್ತ ಇರಲಿಲ್ರಿ. ಯಾರೂ ಹಿಂಗ ಲೆಕ್ಕ ಹಾಕಿ ಹೇಳಿರಲಿಲ್ಲ. ಎಷ್ಟ ಮುಂಜಾನಿ ಹಂಗ ಗಾಡಿ ಹೊಡದೇನೋ, ನೆನಿಸಿದ್ರ ಅಂಜಿಕಿ ಬರತೈತಿ.

ಕುಡ್ಲ_ಸಿಸ್ಟರ್ · ಮಂಗಳವಾರ, ರಾತ್ರಿ 8:45

ನಾನು ಮಂಗಳೂರಿನಲ್ಲಿ ತುರ್ತು ಚಿಕಿತ್ಸಾ ವಿಭಾಗದ ನರ್ಸ್. ಶನಿವಾರ ರಾತ್ರಿ ಪಾಳಿ ಅಂದರೆ ಮನಸ್ಸು ಗಟ್ಟಿ ಮಾಡಿಕೊಂಡೇ ಹೋಗುವುದು.

ಅಪಘಾತ ಮಾಡಿ ಬಂದವರ ರಕ್ತ ತೆಗೆಯುವಾಗ ನಾವು ಸ್ಪಿರಿಟ್ ಹತ್ತಿ ಬಳಸುವುದಿಲ್ಲ. ಸ್ಪಿರಿಟ್ಟೇ ಆಲ್ಕೋಹಾಲ್ ಅಲ್ಲವಾ, ಮಾದರಿ ಕೆಟ್ಟರೆ ಕೋರ್ಟಿನಲ್ಲಿ ಆ ಒಂದೇ ಪ್ರಶ್ನೆಗೆ ಕೇಸು ಬಿದ್ದುಹೋಗಬಹುದು. ಫ್ಲೋರೈಡ್ ಹಾಕಿದ ಬಾಟ್ಲಿಯಲ್ಲಿ ತುಂಬಿಸಿ, ಮೊಹರು ಹಾಕಿ, ವೇಳೆ ಬರೆದು ಪೊಲೀಸರಿಗೆ ಕೊಡುವುದು. ಬಾಟ್ಲಿಯ ಮೇಲೆ ಬರೆಯುವ ಆ ವೇಳೆ ಉಂಟಲ್ಲ, ಅದನ್ನು ನಾನು ಎರಡು ಸಲ ಗಡಿಯಾರ ನೋಡಿಯೇ ಬರೆಯುತ್ತೇನೆ.

2024ರ ಮೇ 19ರಂದು ಪುಣೆಯ ಕಲ್ಯಾಣಿನಗರದಲ್ಲಿ ಪೋರ್ಶೆ ಕಾರು ಇಬ್ಬರು ಐಟಿ ಉದ್ಯೋಗಿಗಳನ್ನು ಬಲಿ ತೆಗೆದುಕೊಂಡಿತಲ್ಲ, ಓಡಿಸಿದ್ದು 17 ವರ್ಷದ ಹುಡುಗ. ಅವನ ರಕ್ತದ ಮಾದರಿಯನ್ನೇ ಬದಲಾಯಿಸಿದ ಆರೋಪದ ಮೇಲೆ ವೈದ್ಯರೂ ಬಂಧನಕ್ಕೊಳಗಾದರು. ಆ ಸುದ್ದಿ ಓದಿದ ದಿನ ನಮ್ಮ ವಾರ್ಡಿನಲ್ಲಿ ಯಾರೂ ಹೆಚ್ಚು ಮಾತನಾಡಲಿಲ್ಲ. ಒಂದು ಬಾಟ್ಲಿ ರಕ್ತಕ್ಕೆ ಎಷ್ಟು ಬೆಲೆ ಉಂಟು ಅಂತ ನಮಗೆಲ್ಲ ಗೊತ್ತಿತ್ತು.

ಇನ್ನೊಂದು ಮಾತು. ರಸ್ತೆಯಲ್ಲಿ ಯಾರಾದರೂ ಬಿದ್ದಿದ್ದರೆ ಪೊಲೀಸ್ ಕೇಸಿಗೆ ಹೆದರಿ ಮುಂದೆ ಹೋಗಬೇಡಿ. ಸೆಕ್ಷನ್ 134ಎ ಪ್ರಕಾರ, ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡಿದವರ ಮೇಲೆ ಕೇಸು ಹಾಕುವ ಹಾಗಿಲ್ಲ, ಹೆಸರು ಹೇಳಲೇಬೇಕು ಅಂತ ಒತ್ತಾಯ ಮಾಡುವ ಹಾಗೂ ಇಲ್ಲ.

ಮದ್ದೂರಿನ_ಮಗ · ಮಂಗಳವಾರ, ರಾತ್ರಿ 11:30

ಬರೆಯೋದೋ ಬೇಡವೋ ಅಂತ ನಿನ್ನೆ ರಾತ್ರಿಯಿಂದ ಯೋಚನೆ ಮಾಡ್ತಿದ್ದೆ. ತುಮಕೂರಕ್ಕ, ನಿಮ್ಮ ಮೇಲಾಗಲಿ ನಿಮ್ಮ ತಮ್ಮನ ಮೇಲಾಗಲಿ ಕೋಪ ಇಲ್ಲ.

2022ರಲ್ಲಿ ನಮ್ಮಪ್ಪ ಸಂಜೆ ಡೈರಿಗೆ ಹಾಲು ಹಾಕಿ ನಡ್ಕೊಂಡು ಬರ್ತಿದ್ದಾಗ ಹಿಂದಿನಿಂದ ಕಾರು ಬಂದು ಗುದ್ದಿತು. ಖಾಲಿ ಕ್ಯಾನು ಗದ್ದೆ ಬದುವಿನಾಚೆ ಬಿದ್ದಿತ್ತು. ಅದರ ಮುಚ್ಚಳ ಮೂರು ದಿನ ಆದಮೇಲೆ ನೀರು ಕಟ್ಟೋಕೆ ಹೋದ ಚಿಕ್ಕಪ್ಪನಿಗೆ ಸಿಕ್ಕಿತು. ಓಡಿಸ್ತಿದ್ದವನೂ ನಮ್ಮ ಕಡೆ ಹುಡುಗನೇ, ಮದುವೆ ಮನೆಯಿಂದ ಬರ್ತಿದ್ದನಂತೆ. ಕುಡಿದಿದ್ದ ಅಂತ ರಕ್ತದ ವರದಿಯಲ್ಲೂ ಬಂತು.

304ಎ, ಅಂದರೆ ನಿರ್ಲಕ್ಷ್ಯದಿಂದ ಸಾವು, ಅಂತ ಕೇಸಾಯ್ತು, ಸಂಜೆಯೊಳಗೆ ಜಾಮೀನು. ಇನ್ನೂ ನಡೀತಿದೆ. ಹೋದ ತಿಂಗಳು ನ್ಯಾಯಾಲಯದ ಕಾರಿಡಾರಿನಲ್ಲಿ ಅವನ ತಾಯಿ ನನ್ನ ಕೈ ಹಿಡ್ಕೊಂಡು ಅತ್ತರು. ಏನು ಹೇಳಬೇಕು ಅಂತ ತಿಳೀಲಿಲ್ಲ.

ವಕೀಲೆ ಮೇಡಂ, ಕುಡಿದು ಕೊಂದದ್ದು ಬರೀ "ನಿರ್ಲಕ್ಷ್ಯ" ಹೇಗಾಗುತ್ತೆ? ಈಗಿನ ಹೊಸ ಕಾನೂನಲ್ಲಿ ಬೇರೆ ಇದೆಯಾ?

ವಕೀಲೆ_ಶಿವಮೊಗ್ಗ · ಬುಧವಾರ, ಬೆಳಿಗ್ಗೆ 7:00

ತಮ್ಮಾ, ಬೆಳಿಗ್ಗೆ ಎದ್ದು ಮೊದಲು ಓದಿದ್ದು ನಿಮ್ಮ ಬರಹ. ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ನಿಮ್ಮಪ್ಪನ ಕೇಸಿಗೆ ಹಳೇ ಕಾನೂನೇ ಅನ್ವಯ, ಯಾಕೆಂದರೆ ಘಟನೆ ನಡೆದ ದಿನ ಇದ್ದ ಕಾನೂನಿನಂತೆಯೇ ಶಿಕ್ಷೆ. ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದದ್ದು 2024ರ ಜುಲೈ 1ರಂದು. ಐಪಿಸಿ 304ಎಗೆ ಗರಿಷ್ಠ 2 ವರ್ಷ ಇತ್ತು. ಈಗ ಅದರ ಜಾಗದಲ್ಲಿರುವ 106(1)ಕ್ಕೆ 5 ವರ್ಷದವರೆಗೆ ಜೈಲು ಮತ್ತು ದಂಡ. ಇದೂ ಜಾಮೀನು ಸಿಗುವ ಅಪರಾಧವೇ. ಗುದ್ದಿ ತಿಳಿಸದೆ ಓಡಿಹೋದರೆ 10 ವರ್ಷ ಅನ್ನುವ 106(2) ಪುಸ್ತಕದಲ್ಲಿದೆ. ಆದರೆ 2024ರ ಜನವರಿಯಲ್ಲಿ ಲಾರಿ ಚಾಲಕರು ಮುಷ್ಕರ ಹೂಡಿದ ಮೇಲೆ ಅದನ್ನು ತಡೆಹಿಡಿದರು. ಸಂಹಿತೆ ಜಾರಿಯಾದಾಗ ಆ ಉಪಸೆಕ್ಷನ್ ಒಂದನ್ನು ಹೊರಗಿಟ್ಟೇ ಜಾರಿ ಮಾಡಿದರು.

ನಿಮ್ಮ ನಿಜವಾದ ಪ್ರಶ್ನೆ ನಿರ್ಲಕ್ಷ್ಯವೋ, ತಿಳಿದೂ ಮಾಡಿದ್ದೋ ಅನ್ನೋದು. ಇಷ್ಟು ಕುಡಿದು ಓಡಿಸಿದರೆ ಯಾರಾದರೂ ಸಾಯಬಹುದು ಅನ್ನುವ ಅರಿವು ಅವನಿಗಿತ್ತು ಅಂತ ಸಾಕ್ಷ್ಯದಿಂದ ತೋರಿಸಿದರೆ, ಅದು ನಿರ್ಲಕ್ಷ್ಯ ದಾಟಿ, ಕೊಲೆಯ ಮಟ್ಟಕ್ಕೇರದ ಮಾನವ ಹತ್ಯೆ ಆಗುತ್ತೆ. ಹಳೇ 304ರ ಎರಡನೇ ಭಾಗ, ಈಗಿನ 105. ಅದಕ್ಕೆ 10 ವರ್ಷದವರೆಗೆ ಶಿಕ್ಷೆ, ಸುಲಭಕ್ಕೆ ಜಾಮೀನಿಲ್ಲ, ವಿಚಾರಣೆ ಸೆಷನ್ಸ್ ಕೋರ್ಟಿನಲ್ಲಿ. ಮುಂಬೈನ ಕಾರ್ಟರ್ ರಸ್ತೆಯಲ್ಲಿ 2006ರ ನವೆಂಬರ್‌ನಲ್ಲಿ ಕಾಲುದಾರಿಯ ಮೇಲೆ ಮಲಗಿದ್ದ ಏಳು ಕೂಲಿಕಾರರು ಸತ್ತರು. ಅಲಿಸ್ಟರ್ ಪರೇರಾ ಪ್ರಕರಣ ಅದು. ಸುಪ್ರೀಂ ಕೋರ್ಟು 2012ರಲ್ಲಿ 304ರ ಎರಡನೇ ಭಾಗವನ್ನೇ ಎತ್ತಿಹಿಡಿಯಿತು, ಶಿಕ್ಷೆ 3 ವರ್ಷ. ಅದೇ ವರ್ಷ ದೆಹಲಿಯ ಸಂಜೀವ್ ನಂದಾ ಪ್ರಕರಣದಲ್ಲೂ, 1999ರ ಜನವರಿಯಲ್ಲಿ ಆರು ಜನ ಸತ್ತದ್ದಕ್ಕೆ, ಅದೇ ಸೆಕ್ಷನ್. ಆದರೆ ಅಲ್ಲಿ ಅದಾಗಲೇ ಅನುಭವಿಸಿದ ಜೈಲುವಾಸ ಸಾಕು ಅಂದು, 50 ಲಕ್ಷ ರೂಪಾಯಿ ಮತ್ತು 2 ವರ್ಷದ ಸಮುದಾಯ ಸೇವೆ ವಿಧಿಸಿದರು. ಏಳು ಜೀವಕ್ಕೆ ಮೂರು ವರ್ಷ ಅನ್ನೋದು ನನಗೆ ಇವತ್ತಿಗೂ ಒಪ್ಪಿಗೆಯಾಗಿಲ್ಲ. ವಕೀಲೆಯಾಗಿ ತೀರ್ಪನ್ನು ಗೌರವಿಸ್ತೀನಿ, ಮನುಷ್ಯಳಾಗಿ ಆ ಫುಟ್‌ಪಾತನ್ನು ನೆನೆಸ್ಕೋತೀನಿ.

ಕುಡಿದಿದ್ದ ಮಾತ್ರಕ್ಕೆ 105 ತಾನಾಗಿ ಬರಲ್ಲ. ಎಷ್ಟು ಕುಡಿದಿದ್ದ, ಎಷ್ಟು ವೇಗ, ಜನ ಇರುವ ಜಾಗವಾ, ಯಾರಾದರೂ ಬೇಡ ಅಂದಿದ್ದರಾ ಇದೆಲ್ಲ ನೋಡ್ತಾರೆ. ನಿಮ್ಮ ಕೇಸಿನಲ್ಲಿ ಸಾಕ್ಷ್ಯ ಹಾಗಿದ್ದರೆ ಆರೋಪ ಬದಲಿಸುವಂತೆ ಕೋರ್ಟನ್ನು ಕೋರುವ ಅವಕಾಶ ಸರ್ಕಾರಿ ಅಭಿಯೋಜಕರಿಗಿದೆ. ಆ ರಕ್ತದ ವರದಿ ಹಿಡ್ಕೊಂಡು ಅವರನ್ನು ಒಮ್ಮೆ ನೇರವಾಗಿ ಕಾಣಿ.

ಸಾವಾಗದೆ ಬರೀ ಗಾಯವಾದರೆ ಸಂಹಿತೆಯ 125, ಮೂಳೆ ಮುರಿಯುವಂಥ ತೀವ್ರ ಗಾಯಕ್ಕೆ 3 ವರ್ಷದವರೆಗೆ. ಅಜಾಗರೂಕ ಚಾಲನೆಗೆ 281. ಇವೆಲ್ಲ 185ರ ಜೊತೆಗೇ ಸೇರ್ತವೆ. ತುಮಕೂರಕ್ಕನ ತಮ್ಮನದು ಬರೀ 185ರಲ್ಲಿ ನಿಂತಿದೆ, ಯಾರೋ ಅಡ್ಡ ಬರಲಿಲ್ಲ ಅನ್ನುವ ಒಂದೇ ಕಾರಣಕ್ಕೆ.

ವಿಮೆ_ಮೈಸೂರು · ಬುಧವಾರ, ಬೆಳಿಗ್ಗೆ 10:15

ಸರ್ವೇಯರ್ ಆಗಿ ಒಂದು ಸೇರಿಸ್ತೀನಿ. ಕುಡಿದು ಗುದ್ದಿದರೆ ಸ್ವಂತ ಗಾಡಿಯ ರಿಪೇರಿ ಹಣ ಮರೆತುಬಿಡಿ. 2007ರಲ್ಲಿ ದೆಹಲಿಯ ಇಂಡಿಯಾ ಗೇಟ್ ಹತ್ತಿರ ನಡೆದ ಅಪಘಾತವೊಂದರಲ್ಲಿ, ರಕ್ತ ಪರೀಕ್ಷೆಯ ಅಂಕಿ ಇಲ್ಲದಿದ್ದರೂ ಬೇರೆ ಸಾಕ್ಷ್ಯದ ಆಧಾರದ ಮೇಲೆ ವಿಮಾ ಕಂಪನಿ ಹಣ ನಿರಾಕರಿಸಬಹುದು ಅಂತ ಸುಪ್ರೀಂ ಕೋರ್ಟು 2021ರಲ್ಲಿ ಹೇಳಿತು. ಸತ್ತವರ, ಗಾಯಗೊಂಡವರ ಕಡೆಯವರಿಗೆ ಕಂಪನಿ ಮೊದಲು ಕೊಟ್ಟು, ಆಮೇಲೆ ಗಾಡಿ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಅಂತ ನ್ಯಾಯಾಲಯಗಳು ಆದೇಶಿಸಿದ್ದು ಬೇಕಾದಷ್ಟಿದೆ. ವಸೂಲಿ ಅಂದರೆ ಮನೆ, ಜಮೀನಿನ ಮೇಲೆ ಬರುತ್ತೆ. ಗಾಡಿ ಕೀ ಕೊಟ್ಟವರೂ ಹುಷಾರು. ಅವನು ಕುಡಿದಿದ್ದಾನೆ ಅಂತ ಗೊತ್ತಿದ್ದೂ ಓಡಿಸು ಅಂತ ಕೊಟ್ಟರೆ ಸೆಕ್ಷನ್ 188 ಪ್ರಕಾರ ಅದು ಕುಮ್ಮಕ್ಕು, ಓಡಿಸಿದವನಿಗಿರುವ ಶಿಕ್ಷೆಯೇ ಇವರಿಗೂ.

ಸ್ಯಾನ್‌ಹೊಸೆ_ಕನ್ನಡಿತಿ · ಬುಧವಾರ, ಮಧ್ಯಾಹ್ನ 12:40

ಕ್ಯಾಲಿಫೋರ್ನಿಯಾದಿಂದ. ಇಲ್ಲಿ ಮಿತಿ 0.08, ಅಂದರೆ ನಮ್ಮ ಲೆಕ್ಕದಲ್ಲಿ 80. ಊರಿಗಿಂತ ಸಡಿಲ ಅಂತ ಹೊಸದಾಗಿ ಬಂದ ನಮ್ಮ ಹುಡುಗರು ಅಂದುಕೊಳ್ತಾರೆ. ವೀಸಾ ವಿಷಯ ಅವರಿಗೆ ಗೊತ್ತಿರಲ್ಲ. ಕುಡಿದು ಓಡಿಸಿ ಬಂಧನವಾದರೆ ಸಾಕು, ಅಪರಾಧ ಸಾಬೀತಾಗದಿದ್ದರೂ ಪಾಸ್‌ಪೋರ್ಟಿನಲ್ಲಿರುವ ವೀಸಾ ರದ್ದಾಗಬಹುದು. ಇಮೇಲ್ ಬರುತ್ತೆ ಅಷ್ಟೇ. ಇಲ್ಲಿರೋಕೆ ತಕ್ಷಣ ತೊಂದರೆ ಇರದೇ ಇರಬಹುದು, ಆದರೆ ಊರಿಗೆ ಹೋದವರು ಹೊಸ ವೀಸಾ ಇಲ್ಲದೆ ವಾಪಸ್ ಬರೋಕಾಗಲ್ಲ. ಅಪ್ಪನ ತಿಥಿಗೆ ಹೋಗಲಾರದೆ ಉಳಿದವರೊಬ್ಬರನ್ನು ಬಲ್ಲೆ.

ಅಪ್ಪ_ದಾವಣಗೆರೆ · ಬುಧವಾರ, ಸಂಜೆ 5:30

ನನ್ನ ಮಗನಿಗೆ 17. ಸ್ಕೂಟರ್ ತಗೊಂಡು ಹೋಗ್ತಾನೆ. ಅವನು ಏನಾದರೂ ಮಾಡಿದರೆ ನನಗೂ ಬರುತ್ತಾ?

ವಕೀಲೆ_ಶಿವಮೊಗ್ಗ · ಬುಧವಾರ, ಸಂಜೆ 6:10

ಬರುತ್ತೆ ಸರ್. ಸೆಕ್ಷನ್ 199ಎ ಪ್ರಕಾರ ಪೋಷಕರಿಗೆ ಅಥವಾ ಮಾಲೀಕರಿಗೆ 3 ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷ ಆಗೋವರೆಗೂ ಲೈಸೆನ್ಸ್ ಸಿಗಲ್ಲ. ಕುಡಿದಿರಲೇಬೇಕು ಅಂತಿಲ್ಲ. ಇವತ್ತೇ ಕೀ ಎತ್ತಿಡಿ.

ತುಮಕೂರಕ್ಕ · ಮುಂದಿನ ಗುರುವಾರ, ರಾತ್ರಿ 9:15

ಎಲ್ಲರಿಗೂ ಹೇಗೆ ಕೃತಜ್ಞತೆ ಹೇಳಬೇಕೋ ಗೊತ್ತಾಗ್ತಿಲ್ಲ. ಇವತ್ತು ತಮ್ಮನ ಜೊತೆ ಕೋರ್ಟಿಗೆ ಹೋಗಿದ್ದೆ.

ಗೇಟಿನ ಹತ್ತಿರವೇ ಒಬ್ಬರು ಬಂದು, ಒಳಗೆ ಹೋದರೆ ಹದಿನೈದಾಗುತ್ತೆ, ಇಲ್ಲೇ ಏಳಕ್ಕೆ ಮುಗಿಸ್ತೀನಿ ಅಂದರು. ಸುಮ್ಮನೆ ಒಳಗೆ ಹೋದ್ವಿ. ಬೆಂಚಿನಲ್ಲಿ ನಮ್ಮ ಥರದವರೇ ಮೂವತ್ತು ನಲವತ್ತು ಜನ. ಒಬ್ಬರು ವಯಸ್ಸಾದವರು ಟವೆಲ್ಲಿನಲ್ಲಿ ನೂರರ ನೋಟುಗಳನ್ನು ಕಟ್ಟಿಕೊಂಡು ಬಂದಿದ್ದರು, ಮತ್ತೆ ಮತ್ತೆ ಎಣಿಸ್ತಿದ್ದರು.

ಹೆಸರು ಕೂಗಿದಾಗ ತಮ್ಮ ಹೋಗಿ ನಿಂತ. ನ್ಯಾಯಾಧೀಶರು ಚೀಟಿ ನೋಡಿ, ಕುಡಿದು ಓಡಿಸಿದ್ದು ನಿಜವೇ ಅಂತ ಕೇಳಿದರು. ಬೇಕಿದ್ದರೆ ವಿಚಾರಣೆ ಕೇಳಬಹುದು ಅಂತಲೂ ಹೇಳಿದರು. ಅವನು "ನಿಜ ಸ್ವಾಮಿ, ತಪ್ಪಾಯ್ತು" ಅಂದ. ಸಿರಪ್ ಮಾತು ಎತ್ತಲಿಲ್ಲ. 10,000 ದಂಡ. ನನ್ನ ಚೀಟಿ ಫಂಡ್ ದುಡ್ಡು ಬಂದಿತ್ತು, ಅದರಲ್ಲೇ ಕಟ್ಟಿದ್ವಿ. ರಸೀದಿ ತೋರಿಸಿ ಸಂಜೆ ಬೈಕ್ ಬಿಡಿಸಿಕೊಂಡ್ವಿ. ಲೈಸೆನ್ಸ್ ಆರ್‌ಟಿಒಗೆ ಹೋಗಿದೆಯಂತೆ, ಅಮಾನತು ನೋಟಿಸ್ ಬರುತ್ತೆ ಅಂದರು. ಬೈಕನ್ನು ಸ್ನೇಹಿತರೊಬ್ಬರು ತಳ್ಳುಗಾಡಿಯ ಹಾಗೆ ರೂಮಿನವರೆಗೂ ತಳ್ಳಿಕೊಂಡೇ ಬಂದರು, ತಮ್ಮ ಜೊತೆಗೆ ನಡೆದ.

ಮದ್ದೂರಿನ ಅಣ್ಣಾ, ನಿಮ್ಮ ಬರಹವನ್ನು ಅವನಿಗೆ ಓದಿ ಹೇಳಿದೆ. ಹಾಲಿನ ಕ್ಯಾನಿನ ಮುಚ್ಚಳದ ಮಾತು ಬಂದಾಗ ಎದ್ದು ಹೊರಗೆ ಹೋದ. ನಮ್ಮಪ್ಪನೂ ಡೈರಿಗೆ ಹಾಲು ಹಾಕ್ತಿದ್ದರು.

ಮದ್ದೂರಿನ_ಮಗ · ಗುರುವಾರ, ರಾತ್ರಿ 10:00

ಓದಿದೆ ಅಕ್ಕ. ನಿಮ್ಮ ತಮ್ಮನಿಗೆ ನನ್ನ ಕಡೆಯಿಂದ ಒಂದು ಮಾತು ಹೇಳಿ: ಆ ರಾತ್ರಿ ನಿಲ್ಲಿಸಿದ ಪೊಲೀಸಪ್ಪನ ಮೇಲೆ ಬೇಜಾರು ಇಟ್ಕೋಬೇಡ ಅಂತ. ನಾಡಿದ್ದು ಅಭಿಯೋಜಕರನ್ನು ನೋಡೋಕೆ ಹೋಗ್ತಿದ್ದೀನಿ, ರಕ್ತದ ವರದಿಯ ಪ್ರತಿ ಸಿಕ್ಕಿದೆ.

ಲಾರಿ_ಹುಬ್ಬಳ್ಳಿ · ಗುರುವಾರ, ರಾತ್ರಿ 10:30

ಸರ್, ಮಾಲೀಕರಿಗೆ ಆ ಲೆಕ್ಕಾ ಪೂರಾ ಬರದು ತೋರಿಸೀನಿ. ನಮ್ಮ ಶೆಡ್ಡಿನ್ಯಾಗ ಎಂಟು ಮಂದಿ ಡ್ರೈವರ್ ಅದೀವ್ರಿ. ಎಲ್ಲಾರಿಗೂ ಓದಿ ಹೇಳು ಅಂದ್ರು.

ವಕೀಲೆ_ಶಿವಮೊಗ್ಗ · ಶುಕ್ರವಾರ, ಬೆಳಿಗ್ಗೆ 7:20

ತುಮಕೂರಕ್ಕ, ದಂಡದ ರಸೀದಿಯನ್ನೂ ಎರಡು ಜೆರಾಕ್ಸ್ ಮಾಡಿಸಿ ಇಟ್ಟುಕೊಳ್ಳಿ. ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿ 2015ರಲ್ಲೇ ಸೂಚನೆ ಕೊಟ್ಟಿದೆ, ಕುಡಿದು ಓಡಿಸಿದವರ ಲೈಸೆನ್ಸ್ ಕನಿಷ್ಠ 3 ತಿಂಗಳು ಅಮಾನತಾಗಬೇಕು ಅಂತ. ನೋಟಿಸ್ ಬಂದಾಗ ಉತ್ತರ ಕೊಡದೆ ಬಿಡಬೇಡಿ. ಆ ಅವಧಿಯಲ್ಲಿ ಗಾಡಿ ಮುಟ್ಟಿದರೆ ಲೈಸೆನ್ಸ್ ಇಲ್ಲದ ಚಾಲನೆಯ ಇನ್ನೊಂದು ಕೇಸಾಗುತ್ತೆ. ಮುಂದೆ ಕೆಲಸದ ಅರ್ಜಿಯಲ್ಲೋ ಪಾಸ್‌ಪೋರ್ಟ್ ಫಾರ್ಮಿನಲ್ಲೋ ಶಿಕ್ಷೆ ಆಗಿದೆಯೇ ಅಂತ ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಬರೆಯಲಿ, ತಪ್ಪೊಪ್ಪಿಕೊಂಡು ದಂಡ ಕಟ್ಟಿದ್ದೂ ಶಿಕ್ಷೆಯೇ. ಮುಚ್ಚಿಟ್ಟು ಸಿಕ್ಕಿಬಿದ್ದರೆ ಅದು ಈ ಕೇಸಿಗಿಂತ ದೊಡ್ಡದಾಗುತ್ತೆ. ಲೈಸೆನ್ಸ್ ವಾಪಸ್ ತಗೊಳ್ಳೋಕೆ ಹೋಗುವ ದಿನ ರಸೀದಿಯ ಮೂಲ ಪ್ರತಿ ಜೊತೆಗಿರಲಿ. ಅಮ್ಮ ಈಗ ಸರಿಯಾಗಿ ಊಟ ಮಾಡ್ತಿದ್ದಾರಾ?